ಅಕ್ಕಿಯ ಮದ್ಯ, ಊರಿನ ಹೆಸರು

ಅಕ್ಕಿಯಿಂದ ತಯಾರಾಗುವ ಜಪಾನೀ ಮದ್ಯ 'ಸಾಕೆ'ಗೆ ಕೋಬೆ ನಗರದ ನಾದಾ ಪ್ರದೇಶ ಹೆಸರುವಾಸಿ. ಅಲ್ಲಿನ ಹಲವು ತಯಾರಿಕಾ ಘಟಕಗಳಿಗೆ ಸಂದರ್ಶಕರು ಹೋಗಬಹುದು. ಕೆಲವೆಡೆ ಊಟವೂ ಉಂಟು. ಕುಡಿಯುವ ಮಾತು ಹಾಗಿರಲಿ, ಬೆಳೆಗಾರರಾದ ನಾವು ತಿಳಿಯಬೇಕಾದದ್ದು ಅಲ್ಲಿ ಸಾಕಷ್ಟಿದೆ.

ಮೊದಲು ಅಕ್ಕಿಯ ಹೊರಭಾಗವನ್ನು ಉಜ್ಜಿ ತೆಗೆಯುತ್ತಾರೆ. 'ಗಿಂಜೊ' ದರ್ಜೆಗೆ ಕಾಳಿನ ಶೇ. 60ಕ್ಕಿಂತ ಹೆಚ್ಚು ಉಳಿಯಬಾರದು. ಹಬೆಯಲ್ಲಿ ಬೆಂದ ಅಕ್ಕಿಯ ಒಂದು ಪಾಲಿನ ಮೇಲೆ 'ಕೋಜಿ' ಎಂಬ ಬೂಷ್ಟನ್ನು ಬೆಳೆಸುತ್ತಾರೆ. ಅದು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಎರಡೂ ಒಂದೇ ತೊಟ್ಟಿಯಲ್ಲಿ ಏಕಕಾಲಕ್ಕೆ ನಡೆಯುವುದು ವಿಶೇಷ. ಈ ಕೌಶಲವನ್ನು ಯುನೆಸ್ಕೋ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿಂಡಿದ ಮೇಲೆ ಉಳಿಯುವ ಚರಟ 'ಕಸು' ವ್ಯರ್ಥವಾಗುವುದಿಲ್ಲ. ಮೀನು, ತರಕಾರಿಗಳನ್ನು ಅದರಲ್ಲಿ ನೆನೆಹಾಕುತ್ತಾರೆ. ಚಳಿಗಾಲದ ಸಾರಿಗೂ ಬೆರೆಸುತ್ತಾರೆ. ಅಕ್ಕಿ ಉಜ್ಜಿದಾಗ ಬರುವ ಬಿಳಿ ಹಿಟ್ಟು ತಿಂಡಿಗೆ, ತೌಡು ಪಶು ಆಹಾರಕ್ಕೆ ಹೋಗುತ್ತದೆ.

ಇನ್ನೂ ಮುಖ್ಯವಾದದ್ದು ಬೆಳೆಗಾರನ ಸ್ಥಾನ. ನಾದಾ ಇರುವ ಹ್ಯೋಗೊ ಪ್ರಾಂತ್ಯದಲ್ಲೇ 1936ರಲ್ಲಿ 'ಯಮದಾ ನಿಶಿಕಿ' ಎಂಬ ಸಾಕೆ ಅಕ್ಕಿಯ ತಳಿಗೆ ಹೆಸರಿಟ್ಟರು. ಗೊತ್ತಾದ ಹಳ್ಳಿಯ ಅಕ್ಕಿಯನ್ನು ಗೊತ್ತಾದ ತಯಾರಕರೇ ಕೊಳ್ಳುವ 'ಮುರಮಾಯ್' ಏರ್ಪಾಡು ಅಲ್ಲಿ 19ನೇ ಶತಮಾನದ ಕೊನೆಯಿಂದ ನಡೆದು ಬಂದಿದೆ. ಹೀಗಾಗಿ ಅಕ್ಕಿಯ ಜೊತೆಗೆ ಊರಿನ ಹೆಸರಿಗೂ ಬೆಲೆ ಬಂದಿದೆ.

ನಮ್ಮ ಕಾಫಿ, ಅಡಿಕೆ ಮೂಟೆಗಳು ತೋಟದ ಗೇಟು ದಾಟಿದ ಮೇಲೆ ಊರಿನ ಹೆಸರು ಕಳೆದುಕೊಳ್ಳುತ್ತವೆ. ಅದನ್ನು ಉಳಿಸಿಕೊಳ್ಳುವುದು ಒಬ್ಬನಿಂದ ಆಗದ ಕೆಲಸ. ಒಂದೂರಿನ ಸದಸ್ಯರೆಲ್ಲ ಕೊಯ್ಲು, ಒಣಗಿಸುವಿಕೆ, ವಿಂಗಡಣೆಯಲ್ಲಿ ಒಂದೇ ಮಟ್ಟ ಕಾಯ್ದುಕೊಂಡರೆ ಮಾತ್ರ ಸಾಧ್ಯ.