ಫ್ರಾನ್ಸಿನಲ್ಲಿ ನೆಲಸಿದ ಅಮೆರಿಕನ್ನರು

ತನ್ನ ನಾಡನ್ನು ಬಿಟ್ಟು ಪರದೇಶದಲ್ಲಿ ನೆಲಸಲು ಹೊರಡುವವನು ಪೆಟ್ಟಿಗೆಯಲ್ಲಿ ತುಂಬಿಕೊಂಡ ವಸ್ತುಗಳನ್ನು ಎಣಿಸಬಲ್ಲನು. ಮೈಗೂಡಿದ ಅಭ್ಯಾಸಗಳನ್ನು ಎಣಿಸಲಾರನು. ಅವು ಅವನೊಡನೆ ಬಂದಿವೆ ಎಂಬುದೂ ಅವನಿಗೆ ತಿಳಿದಿರುವುದಿಲ್ಲ. ಹೊಸ ನಾಡಿನ ಜನ ಬೇರೊಂದು ರೀತಿಯಲ್ಲಿ ನಡೆದುಕೊಂಡಾಗ ಮಾತ್ರ ಅವು ಬೆಳಕಿಗೆ ಬರುತ್ತವೆ. ಅಮೆರಿಕದಿಂದ ಫ್ರಾನ್ಸಿಗೆ ಹೋಗಿ ನೆಲಸಿದವರ ಅನುಭವ ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಈ ಎರಡು ದೇಶಗಳ ಸಂಬಂಧ ಹಳೆಯದು. ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ನೆರವನ್ನು ಕೋರಿ ಬೆಂಜಮಿನ್ ಫ್ರಾಂಕ್ಲಿನ್ 1776ರಲ್ಲಿ ಫ್ರಾನ್ಸಿಗೆ ಬಂದರು. ಪ್ಯಾರಿಸ್ಸಿನ ಸಮೀಪದ ಪಾಸ್ಸೀ ಎಂಬಲ್ಲಿ ಮನೆ ಮಾಡಿಕೊಂಡು 1785ರವರೆಗೆ ಇದ್ದರು. ಅವರ ತರುವಾಯ ಚಿತ್ರಕಾರರು, ಲೇಖಕರು, ಸಂಗೀತಗಾರರು ಬಂದರು. ಉದ್ಯೋಗ, ವ್ಯಾಸಂಗ, ವಿವಾಹ ಮುಂತಾದ ಕಾರಣಗಳಿಂದ ಇಂದಿಗೂ ಅಮೆರಿಕನ್ನರು ಅಲ್ಲಿಗೆ ಬರುತ್ತಲೇ ಇದ್ದಾರೆ.

ಹಾಗೆ ಬಂದವರಿಗೆ ಮೊದಲ ಪಾಠ ದೊರೆಯುವುದು ಅಂಗಡಿಯ ಬಾಗಿಲಲ್ಲಿ. ಅಮೆರಿಕದಲ್ಲಿ ಗಿರಾಕಿ ಒಳಗೆ ಬಂದು ನೇರವಾಗಿ ತನಗೆ ಬೇಕಾದುದನ್ನು ಕೇಳಿದರೆ ಯಾರೂ ತಪ್ಪೆಣಿಸುವುದಿಲ್ಲ. ಫ್ರಾನ್ಸಿನಲ್ಲಿ ಒಳಗೆ ಕಾಲಿಟ್ಟೊಡನೆ ‘ಬೊಂಜೂರ್’ ಎಂದು ವಂದಿಸಬೇಕು. ಹೊರಡುವಾಗಲೂ ವಿದಾಯ ಹೇಳಬೇಕು. ವಂದಿಸದೆ ಬೆಲೆ ಕೇಳಿದವನನ್ನು ಅಂಗಡಿಯವನು ಒರಟನೆಂದು ಭಾವಿಸುತ್ತಾನೆ. ಅವನ ಉತ್ತರದಲ್ಲಿ ಸೌಜನ್ಯ ಕಡಿಮೆಯಾಗುತ್ತದೆ. ಇತ್ತ ಅಮೆರಿಕನ್ನನು, ‘ಫ್ರೆಂಚರು ಗರ್ವಿಷ್ಠರು’ ಎಂದು ಗೊಣಗುತ್ತಾನೆ. ಅಪರಿಚಿತರನ್ನು ಕಂಡೊಡನೆ ನಗೆ ಬೀರುವುದು ಅಮೆರಿಕದಲ್ಲಿ ಸಜ್ಜನಿಕೆಯ ಗುರುತು. ಪ್ಯಾರಿಸ್ಸಿನಲ್ಲಿ ಕಾರಣವಿಲ್ಲದ ನಗೆ ಸಂಶಯಕ್ಕೆ ಎಡೆಮಾಡೀತು. ಎರಡು ಕಡೆಯವರೂ ತಮ್ಮ ತಮ್ಮ ಲೆಕ್ಕದಲ್ಲಿ ಮರ್ಯಾದಸ್ಥರೇ. ಆದರೆ ಮರ್ಯಾದೆಯನ್ನು ಅಳೆಯುವ ಕೋಲು ಬೇರೆ ಬೇರೆ.

ಮಾತಿನಲ್ಲಿಯೂ ಇಂಥ ತೊಡಕುಗಳುಂಟು. ಇಂದಿನ ಇಂಗ್ಲಿಷಿನಲ್ಲಿ ಎದುರಿಗಿರುವವನು ಬಾಲಕನಾಗಲಿ ನ್ಯಾಯಾಧೀಶನಾಗಲಿ ಸಂಬೋಧಿಸುವ ಸರ್ವನಾಮ ಒಂದೇ. ಫ್ರೆಂಚಿನಲ್ಲಿ ಸಲಿಗೆಯವರಿಗೆ ‘ತು’, ಗೌರವಕ್ಕೆ ‘ವೂ’ ಎಂಬ ಎರಡು ರೂಪಗಳಿವೆ. ‘ನೀನು’, ‘ನೀವು’ ಎಂಬ ಭೇದವನ್ನು ತೊಟ್ಟಿಲಿನಿಂದಲೇ ಕಲಿಯುವ ಕನ್ನಡಿಗನಿಗೆ ಇದು ಸಹಜವೆನಿಸುತ್ತದೆ. ಅಮೆರಿಕನ್ನನಿಗಾದರೋ ಪ್ರತಿಯೊಂದು ಭೇಟಿಯೂ ಒಂದು ಪರೀಕ್ಷೆ. ನೆರೆಮನೆಯ ವೃದ್ಧೆಯನ್ನು ‘ತು’ ಎಂದರೆ ಅಪಚಾರ. ಆಪ್ತ ಗೆಳೆಯನನ್ನು ‘ವೂ’ ಎಂದರೆ ಅವನನ್ನು ದೂರವಿಟ್ಟಂತೆ.

ಎಣಿಕೆಯಲ್ಲಿ ಇನ್ನೂ ದೊಡ್ಡ ಗೊಂದಲ. ಫ್ರಾನ್ಸಿನ ಭಾಷೆಯಲ್ಲಿ 70 ಎಂದರೆ ‘ಅರವತ್ತು ಹತ್ತು’. 80 ಎಂದರೆ ‘ನಾಲ್ಕು ಇಪ್ಪತ್ತು’. 97 ಎಂದರೆ ‘ನಾಲ್ಕು ಇಪ್ಪತ್ತು ಹದಿನೇಳು’. ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಗಳ ಜೋಡಿಯಾಗಿ ಹೇಳುವುದು ಅಲ್ಲಿನ ರೂಢಿ. ಹೊಸಬನು ‘ಅರವತ್ತು’ ಎಂದು ಕೇಳಿ 60 ಎಂದು ಬರೆಯುವಷ್ಟರಲ್ಲಿ ‘ಹದಿನೈದು’ ಎಂಬುದು ಕಿವಿಗೆ ಬೀಳುತ್ತದೆ. ಬರೆಯಬೇಕಾದುದು 75 ಎಂದು ಆಗ ತಿಳಿಯುತ್ತದೆ. ಅಮೆರಿಕದಲ್ಲಿ ನೆಲದ ಮಟ್ಟದ ಅಂತಸ್ತೇ ಮೊದಲನೆಯದು. ಫ್ರಾನ್ಸಿನಲ್ಲಿ, ಭಾರತದಲ್ಲಿರುವಂತೆ, ಅದರ ಮೇಲಿನದು ಮೊದಲನೆಯ ಅಂತಸ್ತು. ಅಮೆರಿಕನ್ನರು ತಿಂಗಳನ್ನು ಮೊದಲು, ದಿನವನ್ನು ಅನಂತರ ಬರೆಯುತ್ತಾರೆ; ಫ್ರೆಂಚರು ದಿನವನ್ನು ಮೊದಲು ಬರೆಯುತ್ತಾರೆ. ಆದುದರಿಂದ ಚೀಟಿಯಲ್ಲಿ 4-7 ಎಂದಿದ್ದರೆ ಅದು ಜುಲೈ 4ನೆಯ ದಿನ. ಹೊಸಬನು ಅದನ್ನು ಏಪ್ರಿಲ್ 7 ಎಂದು ಓದಿಕೊಳ್ಳುತ್ತಾನೆ.

ಊಟದ ಮೇಜು ಮತ್ತೊಂದು ಪಾಠಶಾಲೆ. ಭೋಜನದ ಆರಂಭದಲ್ಲಿ ಬಡಿಸುವ ತಿನಿಸಿಗೆ ಫ್ರೆಂಚರು ‘ಆಂತ್ರೆ’ ಎನ್ನುತ್ತಾರೆ. ಆ ಶಬ್ದವನ್ನೇ ಅಮೆರಿಕನ್ನರು ಎರವಲು ಪಡೆದು ಪ್ರಧಾನ ಭಕ್ಷ್ಯಕ್ಕೆ ಬಳಸುತ್ತಾರೆ. ಹಸಿದು ಬಂದ ಅಮೆರಿಕನ್ನನು ‘ಆಂತ್ರೆ’ ಒಂದನ್ನೇ ಕೇಳಿ, ಸಣ್ಣ ತಟ್ಟೆಯನ್ನು ಕಂಡು ಬೆರಗಾಗುವುದುಂಟು. ಅವನ ನಾಡಿನಲ್ಲಿ ಪಟ್ಟಿಯ ಬೆಲೆಯ ಮೇಲೆ ತೆರಿಗೆಯನ್ನೂ ಬಡಿಸುವವನ ಇನಾಮನ್ನೂ ಕೂಡಿಸಿ ಕೊಡಬೇಕು. ಫ್ರಾನ್ಸಿನಲ್ಲಿ ಬರೆದ ಬೆಲೆಯೊಳಗೆ ತೆರಿಗೆಯೂ ಸೇವಾಶುಲ್ಕವೂ ಸೇರಿರುತ್ತವೆ. ಬ್ರೆಡ್ಡಿನ ವಿಷಯದಲ್ಲಿ ಫ್ರೆಂಚರ ನಿಷ್ಠೆ ಹೇಳತೀರದು. ‘ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್ಡು’ ಎಂಬ ಹೆಸರಿನಲ್ಲಿ ಮಾರುವುದಾದರೆ ಅದರ ಕಣಕವನ್ನು ಹೆಪ್ಪುಗಟ್ಟಿಸಿ ಇಡಕೂಡದೆಂದು 1993ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿತು. ‘ಬಗೆತ್’ ಎಂಬ ಉದ್ದನೆಯ ಬ್ರೆಡ್ಡನ್ನು ತಯಾರಿಸುವ ಕೌಶಲವನ್ನು ಯುನೆಸ್ಕೋ ಸಂಸ್ಥೆ 2022ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಲವನ್ನು ಕಾಣುವ ಬಗೆಯೂ ಬೇರೆ. ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅನೇಕ ಅಂಗಡಿಗಳು ಮುಚ್ಚುತ್ತವೆ. ಆಗಸ್ಟ್ ತಿಂಗಳಲ್ಲಿ ‘ರಜೆಯಲ್ಲಿದ್ದೇವೆ’ ಎಂಬ ಚೀಟಿಗಳು ಬಾಗಿಲುಗಳ ಮೇಲೆ ತೂಗುತ್ತವೆ. ಇದು ಸೋಮಾರಿತನವೆಂದು ಹೊಸಬನಿಗೆ ತೋರೀತು. ಆದರೆ ಇದರ ಹಿಂದೆ ಒಂದು ಇತಿಹಾಸವಿದೆ. ವೇತನಸಹಿತವಾದ ಎರಡು ವಾರಗಳ ರಜೆ ದುಡಿಯುವವರ ಹಕ್ಕೆಂದು ಫ್ರಾನ್ಸಿನ ಶಾಸನ 1936ರಲ್ಲಿ ಸಾರಿತು. 1982ರಲ್ಲಿ ಅದು ಐದು ವಾರಗಳಾಯಿತು. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥ ಶಾಸನವಿಲ್ಲ.

ಇವೆಲ್ಲ ಕೇಳುವವರಿಗೆ ವಿನೋದವಾಗಿ ತೋರಬಹುದು. ಆದರೆ ಪರದೇಶದ ರೀತಿನೀತಿಗಳನ್ನು ಅರಿಯದವನು ಕೆಲವೊಮ್ಮೆ ಕಠಿಣವಾದ ಬೆಲೆಯನ್ನು ತೆರಬೇಕಾಗುತ್ತದೆ. ಕರಿಯ ಜನಾಂಗದ ಅಮೆರಿಕನ್ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರ ಜೀವನದ ಒಂದು ಘಟನೆ ಇದಕ್ಕೆ ಸಾಕ್ಷಿ. ತಾಯ್ನಾಡಿನ ವರ್ಣಭೇದದಿಂದ ಬೇಸತ್ತು, 24ರ ವಯಸ್ಸಿನಲ್ಲಿ, ಕೈಯಲ್ಲಿ ಸುಮಾರು 40 ಡಾಲರುಗಳನ್ನು ಹಿಡಿದು ಅವರು 1948ರ ನವೆಂಬರಿನಲ್ಲಿ ಪ್ಯಾರಿಸ್ಸಿಗೆ ಬಂದರು. ಮರುವರ್ಷದ ಡಿಸೆಂಬರಿನಲ್ಲಿ ಪೊಲೀಸರು ಅವರ ಕೊಠಡಿಗೆ ಬಂದರು. ಪರಿಚಿತನಾದ ಅಮೆರಿಕನ್ನನೊಬ್ಬ ಬೇರೊಂದು ವಸತಿಗೃಹದಿಂದ ತಂದಿದ್ದ ಹಾಸಿಗೆಯ ಹೊದಿಕೆಯೊಂದು ಬಾಲ್ಡ್‌ವಿನ್ನರ ಮಂಚದ ಮೇಲಿದ್ದಿತು. ಕಳವಿನ ಮಾಲನ್ನು ಇಟ್ಟುಕೊಂಡರೆಂಬ ಆರೋಪದ ಮೇಲೆ ಅವರನ್ನು ಸೆರೆಮನೆಗೆ ಒಯ್ದರು. ಅಧಿಕಾರಿಗಳೊಡನೆ ವಾದಿಸುವಷ್ಟು ಫ್ರೆಂಚ್ ಅವರಿಗೆ ಬರುತ್ತಿರಲಿಲ್ಲ. ಅಮೆರಿಕದ ಪೊಲೀಸನ ಮುಖವನ್ನು ನೋಡಿ ಅವನ ಮನಸ್ಸನ್ನು ಓದಬಲ್ಲವರಾಗಿದ್ದ ಅವರಿಗೆ ಫ್ರೆಂಚ್ ಪೊಲೀಸನ ಮುಖ ಅರಿಯದ ಲಿಪಿಯಾಗಿತ್ತು. ಕ್ರಿಸ್‌ಮಸ್ ಹಬ್ಬ ಸೆರೆಯಲ್ಲಿಯೇ ಕಳೆಯಿತು. ಕೊನೆಗೆ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಹೊದಿಕೆಯ ಕಥೆಯನ್ನು ಕೇಳಿ ಅಲ್ಲಿದ್ದವರೆಲ್ಲ ನಕ್ಕರು. ಆ ನಗೆ ಬಾಲ್ಡ್‌ವಿನ್ನರ ಎದೆಯನ್ನು ಚುಚ್ಚಿತು. ದೀನನ ಸಂಕಟ ಸುಖಿಗಳಿಗೆ ವಿನೋದವಾಗುವುದು ತಾಯ್ನಾಡಿನಲ್ಲಿ ಮಾತ್ರವೇ ಅಲ್ಲ ಎಂದು ಅವರಿಗೆ ಮನವರಿಕೆಯಾಯಿತು.

ಹಾಗಾದರೂ ಅವರು ಫ್ರಾನ್ಸಿನೊಡನೆ ನಂಟನ್ನು ಕಡಿದುಕೊಳ್ಳಲಿಲ್ಲ. ಬಾಳಿನ ಕೊನೆಯ ವರ್ಷಗಳನ್ನು ದಕ್ಷಿಣ ಫ್ರಾನ್ಸಿನ ಸಂ-ಪೋಲ್-ದ-ವಾಂಸ್ ಎಂಬ ಊರಿನಲ್ಲಿ ಕಳೆದು, 1987ರಲ್ಲಿ ಅಲ್ಲಿಯೇ ತೀರಿಕೊಂಡರು. 1925ರಲ್ಲಿ ಪ್ಯಾರಿಸ್ಸಿಗೆ ಬಂದ ನರ್ತಕಿ ಜೋಸೆಫಿನ್ ಬೇಕರ್ 1937ರಲ್ಲಿ ಫ್ರಾನ್ಸಿನ ಪೌರತ್ವವನ್ನು ಪಡೆದರು; ಎರಡನೆಯ ಮಹಾಯುದ್ಧದಲ್ಲಿ ಆ ದೇಶಕ್ಕಾಗಿ ಗುಪ್ತವಾಗಿ ಸೇವೆ ಸಲ್ಲಿಸಿದರು. ನಾಡಿನ ಮಹನೀಯರ ಸ್ಮಾರಕವಾದ ಪಾಂತೆಯೋನಿನಲ್ಲಿ 2021ರಲ್ಲಿ ಅವರಿಗೆ ಸ್ಥಾನ ದೊರೆಯಿತು. ತಾಯ್ನಾಡು ನೀಡದ ಮನ್ನಣೆಯನ್ನು ಇಂಥವರಿಗೆ ಫ್ರಾನ್ಸ್ ನೀಡಿತು. ಆದರೆ ಅದೇ ಪ್ಯಾರಿಸ್ಸಿನಲ್ಲಿ ಅಲ್ಜೀರಿಯದಿಂದ ಬಂದ ಬಡವರಿಗೆ ಅಂಥ ಗೌರವ ಸಿಗುತ್ತಿರಲಿಲ್ಲ ಎಂಬುದನ್ನು ಬಾಲ್ಡ್‌ವಿನ್ ಕಂಡರು, ಮರೆಮಾಚದೆ ಬರೆದರು. ಯಾವ ದೇಶವೂ ಎಲ್ಲರ ಪಾಲಿಗೆ ಒಂದೇ ಆಗಿರುವುದಿಲ್ಲ.

ವರ್ಷಗಳು ಉರುಳಿದಂತೆ ವಲಸಿಗನಲ್ಲಿ ಒಂದು ಮಾರ್ಪಾಡು ಆಗುತ್ತದೆ. ರಜೆಯಲ್ಲಿ ತಾಯ್ನಾಡಿಗೆ ಮರಳಿದ ಅಮೆರಿಕನ್ನನು ಅಲ್ಲಿನ ಅಂಗಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ವಂದನೆಯ ಮಾತಿಗಾಗಿ ತಡವರಿಸುತ್ತಾನೆ. ಮೊದಲು ಪರರ ವಿಚಿತ್ರಗಳನ್ನು ಎಣಿಸುತ್ತಿದ್ದವನಿಗೆ ಈಗ ತನ್ನವರ ರೀತಿಯೂ ವಿಚಿತ್ರವಾಗಿ ಕಾಣುತ್ತದೆ. ಎರಡು ಮನೆಗಳಲ್ಲಿಯೂ ಅವನು ತುಸು ಹೊರಗಿನವನೇ. ಅದು ಅವನು ತೆತ್ತ ಬೆಲೆ. ತನ್ನ ಅಭ್ಯಾಸವೇ ಲೋಕದ ನಿಯಮವಲ್ಲವೆಂಬ ಅರಿವು ಅವನು ಗಳಿಸಿದ ಲಾಭ. ಆ ಅರಿವುಳ್ಳವನು ತನ್ನ ಬಾಗಿಲಿಗೆ ಬಂದ ಹೊಸಬನು ತಪ್ಪಿ ನಡೆದಾಗ ಸುಲಭವಾಗಿ ನಗಲಾರನು.