ನಡುವಯಸ್ಸಿನ ದಾಂಪತ್ಯವೂ ಖಿನ್ನತೆಯ ಮಾತ್ರೆಯೂ

ಶಿರೋನಾಮೆಯನ್ನು ಕಂಡೊಡನೆ ವಾಚಕ ಮಹಾಶಯರು ಪತ್ರಿಕೆಯನ್ನು ಮಡಿಸಿಡಬಾರದೆಂದು ವಿನಂತಿ. ಇದು ನಾಲ್ವರ ಮುಂದೆ ಆಡಲು ಸಂಕೋಚವಾಗುವ ವಿಷಯವೆಂಬುದನ್ನು ನಾವೂ ಬಲ್ಲೆವು. ಆದರೆ ಈ ಸಂಕೋಚದ ದೆಸೆಯಿಂದಲೇ ಕೆಲವು ಹೆಂಗಸರು ತಮಗೆ ಅವಶ್ಯವಾದ ಔಷಧಿಯನ್ನು ಯಾರಿಗೂ ತಿಳಿಸದೆ ಬಿಟ್ಟುಬಿಡುತ್ತಾರೆ.

ಕರೋಲ್‌ಬಾಗಿನ ಯಾವುದೋ ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ಐವತ್ತರ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿರಿ. ವರ್ಷಕ್ಕೊಮ್ಮೆ ದೊರೆಯುವ ಇಪ್ಪತ್ತು ದಿನಗಳ ರಜೆಯಲ್ಲಿ ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ, ಉಡುಪಿಯಲ್ಲಿಳಿದು ಆತ ಮನೆ ಸೇರುತ್ತಾನೆ. ಮನೆಯಾಕೆಗೆ ನಲವತ್ತೇಳು ವರ್ಷ. ಮುಟ್ಟು ಏರುಪೇರಾಗಿ, ನಿದ್ರೆ ಕೆಟ್ಟು, ಕಾರಣವಿಲ್ಲದೆ ಅಳು ಬಂದು, ಬದುಕೇ ಬೇಡವೆನಿಸಿದ್ದಾಗ ವೈದ್ಯರು ಕೊಟ್ಟ ಮಾತ್ರೆಯಿಂದ ಆರು ವಾರಗಳಲ್ಲಿ ಮನಸ್ಸು ತಿಳಿಯಾಗಿದೆ. ಹಗಲಲ್ಲಿ ನಗುನಗುತ್ತಲೇ ಬಡಿಸುವ ಆಕೆ ರಾತ್ರಿ ಗೋಡೆಯತ್ತ ತಿರುಗಿ ಮಲಗುತ್ತಾಳೆ. ಕಾಯಿಲೆ ವಾಸಿಯಾಯಿತಲ್ಲ, ಇನ್ನೇನು ಎಂದು ಆತನಿಗೆ ಅಸಮಾಧಾನ. ತಾನೇ ತಪ್ಪಿತಸ್ಥೆಯೆಂದು ಆಕೆಗೆ ಒಳಗುದಿ. ಗಂಡ ಮರಳಿ ರೈಲು ಹತ್ತಿದ ಮಾರನೆಯ ದಿನ ಆಕೆ ಉಳಿದ ಮಾತ್ರೆಗಳನ್ನು ಒಲೆಗೆ ಹಾಕುತ್ತಾಳೆ.

ಇಲ್ಲಿ ಪ್ರೀತಿ ಬತ್ತಿಲ್ಲ. ದೇಹದಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳು ಒಮ್ಮೆಗೇ ಕೂಡಿಕೊಂಡಿವೆ.

ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧವೆನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು 51ನೆಯ ವಯಸ್ಸಿಗೆ ಒದಗಿದರೆ ನಮ್ಮ ದೇಶದಲ್ಲಿ ಸರಾಸರಿ 46–47ಕ್ಕೇ ಬರುತ್ತದೆ. ಅದಕ್ಕೂ ಕೆಲವು ವರ್ಷ ಮೊದಲಿನಿಂದಲೇ ಈಸ್ಟ್ರೊಜೆನ್ ಎಂಬ ರಸದ ಪ್ರಮಾಣ ಏರಿಳಿಯುತ್ತ ಕಡೆಗೆ ಕುಗ್ಗುತ್ತದೆ. ಜನನಾಂಗದ ಒಳಪದರ ತೆಳುವಾಗಿ ಒಣಗುವುದರಿಂದ ಸಮಾಗಮ ನೋವಿನದಾಗಬಹುದು. ನೋವನ್ನು ನಿರೀಕ್ಷಿಸುವ ದೇಹದಲ್ಲಿ ಬಯಕೆ ಹೇಗೆ ಹುಟ್ಟೀತು? ಖಿನ್ನತೆಯೆಂಬ ರೋಗವಂತೂ ಎಲ್ಲ ಬಗೆಯ ಆಸೆಯನ್ನೂ ಅಡಗಿಸುತ್ತದೆ. ಕಾಮಾಸಕ್ತಿಯೂ ಅದಕ್ಕೆ ಹೊರತಲ್ಲ.

ಇನ್ನು ಮಾತ್ರೆಯ ಮಾತು. ಖಿನ್ನತೆಗೆ ಔಷಧಿಯುಂಟೆಂಬುದು ಆಕಸ್ಮಿಕವಾಗಿ ತಿಳಿದ ಸಂಗತಿ. 1952ರಲ್ಲಿ ನ್ಯೂಯಾರ್ಕಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಇಪ್ರೋನಯಾಜಿಡ್ ಎಂಬ ಮದ್ದು ಸೇವಿಸಿದ ರೋಗಿಗಳು ಅನಿರೀಕ್ಷಿತವಾಗಿ ಲವಲವಿಕೆ ತಾಳಿದರು. ಅಲ್ಲಿಂದ ಈ ಶೋಧನೆ ಮೊದಲಾಯಿತು. 1987ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರ ಫ್ಲುಆಕ್ಸೆಟಿನ್ ಔಷಧಿಗೆ ಅನುಮತಿಯಿತ್ತ ಮೇಲೆ ಅದೇ ವರ್ಗದ ಸರ್ಟ್ರಲಿನ್, ಎಸಿಟಲೊಪ್ರಾಮ್ ಮುಂತಾದವು ಲೋಕವನ್ನೆಲ್ಲ ವ್ಯಾಪಿಸಿದವು. ಇವು ಮಿದುಳಿನ ನರಗಳ ನಡುವೆ ಸಿರೊಟೊನಿನ್ ಎಂಬ ದ್ರವ್ಯ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಮನಸ್ಸಿನ ಭಾರ ಇಳಿಯುತ್ತದೆ. ಆದರೆ ಬಯಕೆ ಮಂದವಾಗುವುದು, ಸುಖದ ಪರಾಕಾಷ್ಠೆ ತಡವಾಗುವುದು ಅಥವಾ ಬಾರದಿರುವುದು, ಸ್ಪರ್ಶವೇ ಮರಗಟ್ಟಿದಂತಾಗುವುದು ಇವೂ ಅದರೊಡನೆ ಬರಬಹುದು. ಗಂಡಸರಿಗೂ ಇದು ತಪ್ಪಿದ್ದಲ್ಲ.

ಎಷ್ಟು ಜನರಿಗೆ ಹೀಗಾಗುತ್ತದೆ? 1997ರಲ್ಲಿ ಸ್ಪೇನ್ ದೇಶದ ವೈದ್ಯರು 344 ರೋಗಿಗಳ ವಿಷಯವಾಗಿ ಪ್ರಕಟಿಸಿದ ಲೆಕ್ಕವನ್ನು ನೋಡಿರಿ. ತಾವಾಗಿಯೇ ಈ ತೊಂದರೆಯನ್ನು ಹೇಳಿಕೊಂಡವರು ನೂರಕ್ಕೆ 14 ಮಂದಿ. ವೈದ್ಯರು ನೇರವಾಗಿ ಕೇಳಿದಾಗ ಹೌದೆಂದವರು ನೂರಕ್ಕೆ 58! ಮಾತಿನ ವಿಷಯದಲ್ಲಿ ನಮಗಿಂತ ಬಿಚ್ಚುಮನಸ್ಸಿನವರೆನಿಸಿದ ಐರೋಪ್ಯರ ಪಾಡೇ ಹೀಗಿದ್ದರೆ ನಮ್ಮ ಮನೆಗಳ ಮೌನವನ್ನು ಅಳೆಯುವವರಾರು?

ದೆಹಲಿಯಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ವಿಶೇಷ ತೊಡಕುಂಟು. ಹಿಂದಿ ಚೆನ್ನಾಗಿ ಬಾರದಾಕೆ ಡಾಕ್ಟರರ ಮುಂದೆ ಕುಳಿತಾಗ ಗಂಡನೋ ಬೆಳೆದ ಮಗನೋ ದುಭಾಷಿಯಾಗಿ ನಿಲ್ಲುತ್ತಾನೆ. ನಿದ್ರೆಯ ವಿಚಾರ ಹೇಳಬಹುದು, ತಲೆನೋವಿನ ವಿಚಾರ ಹೇಳಬಹುದು. ಇದನ್ನು ಮಗನ ಬಾಯಿಂದ ಹೇಳಿಸುವುದೆಂತು? ಗುಮಾಸ್ತರ ಕುಟುಂಬಗಳಿಗೆ ಕೇಂದ್ರ ಸರಕಾರದ ಆರೋಗ್ಯ ಯೋಜನೆಯ ಚಿಕಿತ್ಸಾಲಯಗಳು 1954ರಿಂದಲೂ ಈ ನಗರದಲ್ಲಿವೆ. ಮಾತ್ರೆ ದೊರೆಯುತ್ತದೆ, ಮಾತಿಗೆ ಏಕಾಂತ ದೊರೆಯುವುದು ಕಷ್ಟ. ಅಂಥವರು ಹೇಳಬೇಕಾದುದನ್ನು ತಿಳಿದವರಿಂದ ಒಂದು ಚೀಟಿಯಲ್ಲಿ ಬರೆಸಿ ವೈದ್ಯರ ಕೈಗಿಡಬಹುದು. ಆಸಕ್ತಿ ಕುಗ್ಗಿದ್ದು ಮಾತ್ರೆಗೆ ಮುಂಚೆಯೋ ಬಳಿಕವೋ, ನೋವಿದೆಯೋ ಇಲ್ಲವೋ ಎಂಬುದು ಚೀಟಿಯಲ್ಲಿರಲಿ. ಈ ಪೂರ್ವಾಪರದಿಂದ ವೈದ್ಯರಿಗೆ ಅರ್ಧ ದಾರಿ ತಿಳಿಯುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದರೂ ಇದೇ ಲಕ್ಷಣಗಳು ಕಾಣುವುದರಿಂದ ಅದರ ರಕ್ತಪರೀಕ್ಷೆಯನ್ನೂ ಮಾಡಿಸುವುದು ಲೇಸು.

ಪರಿಹಾರಗಳಿಲ್ಲದೆ ಇಲ್ಲ. ನೋವೇ ಮುಖ್ಯವಾಗಿದ್ದರೆ ಜಾರುದ್ರವ್ಯ ಸಾಕಾಗಬಹುದು. ಇಲ್ಲವೇ ಆ ಜಾಗಕ್ಕಷ್ಟೇ ಹಚ್ಚುವ ಈಸ್ಟ್ರೊಜೆನ್ ಲೇಪವನ್ನು ಸ್ತ್ರೀರೋಗ ತಜ್ಞರು ಕೊಡುತ್ತಾರೆ (ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸತಕ್ಕದ್ದು). ಮಾತ್ರೆಯೇ ಕಾರಣವೆಂದು ಕಂಡರೆ ವೈದ್ಯರು ಪ್ರಮಾಣವನ್ನು ತಗ್ಗಿಸಿ ನೋಡಬಹುದು, ಅಥವಾ ಬ್ಯುಪ್ರೊಪಿಯಾನ್, ಮಿರ್ಟಾಜಪಿನ್‌ಗಳಂಥ ಈ ಬಾಧೆ ಕಡಿಮೆಯಿರುವ ಔಷಧಿಗೆ ಬದಲಾಯಿಸಬಹುದು. ಅವುಗಳಿಗೂ ತಮ್ಮ ದೋಷಗಳುಂಟು: ಮೊದಲನೆಯದು ಮೂರ್ಛೆರೋಗವಿದ್ದವರಿಗೆ ಸಲ್ಲದು, ಎರಡನೆಯದು ತೂಕವನ್ನೂ ನಿದ್ರೆಯನ್ನೂ ಹೆಚ್ಚಿಸುತ್ತದೆ. ರೈಲುಹಳಿಯ ಪಕ್ಕದ ಗೋಡೆಗಳ ಮೇಲೆ ಗುಪ್ತರೋಗಗಳಿಗೆ ರಾಮಬಾಣವೆಂದು ಬರೆಸಿಕೊಂಡವರ ಬಾಗಿಲಿಗೆ ಹೋಗುವುದು ಹಣಕ್ಕೂ ಆರೋಗ್ಯಕ್ಕೂ ಎರವು.

ಔಷಧಿಯನ್ನು ಹಠಾತ್ತನೆ ಬಿಟ್ಟರೆ ತಲೆಸುತ್ತು, ನಿದ್ರಾಭಂಗ, ಸಿಡುಕು, ತಲೆಯೊಳಗೆ ವಿದ್ಯುತ್ ಹರಿದಂಥ ಅನುಭವ ಬರಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಹೆಚ್ಚು. ಬದುಕು ಬೇಡವೆಂಬ ಹಳೆಯ ಯೋಚನೆ ಮರುಕಳಿಸಿದರೆ ಅದು ಪ್ರಾಣದ ಪ್ರಶ್ನೆಯೇ ಆದೀತು. ಬಿಡುವುದಾದರೂ ವೈದ್ಯರ ಸಲಹೆಯಂತೆ, ಮೆಲ್ಲಮೆಲ್ಲನೆ ಇಳಿಸುತ್ತ ಬಿಡಬೇಕು.

ಇಲ್ಲೊಂದು ವಿಚಿತ್ರವುಂಟು. ಇದೇ ಪ್ಯಾರಾಕ್ಸೆಟಿನ್ನನ್ನು ಅಲ್ಪ ಪ್ರಮಾಣದಲ್ಲಿ, ಋತುಬಂಧದ ಸಮಯದಲ್ಲಿ ಮೈಯೆಲ್ಲ ಬಿಸಿಯೇರಿ ಬೆವರುವ ಬಾಧೆಗೆ ಕೊಡಲು ಅಮೆರಿಕ 2013ರಲ್ಲಿ ಒಪ್ಪಿಗೆಯಿತ್ತಿತು. ಆದ್ದರಿಂದ ಹೆಂಡತಿ ಇಂಥ ಮಾತ್ರೆ ನುಂಗುತ್ತಿದ್ದಾಳೆಂದ ಮಾತ್ರಕ್ಕೆ ಆಕೆಗೆ ಮನೋರೋಗವೆಂದು ನೆರೆಮನೆಯವರು ಪಿಸುಗುಟ್ಟಬೇಕಾದುದಿಲ್ಲ. ಸ್ತನದ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ಸೇವಿಸುವವರು ಮಾತ್ರ ಪ್ಯಾರಾಕ್ಸೆಟಿನ್ನನ್ನು ವರ್ಜಿಸಬೇಕು. ಆ ಮದ್ದಿನ ಗುಣವನ್ನು ಇದು ಕುಂದಿಸುತ್ತದೆ.

ಕನ್ನಡದಲ್ಲಿಯೇ ಮಾತನಾಡಬೇಕೆಂಬ ಸೋದರಿಯರಿಗೂ, ಊರಿನ ಮನೆಯಾಕೆಯ ಚಿಂತೆಯಲ್ಲಿ ಹೋಟೆಲಿನ ಅಟ್ಟದ ಮೇಲೆ ನಿದ್ರೆಗೆಟ್ಟ ಗೃಹಸ್ಥರಿಗೂ ಒಂದು ಸೌಕರ್ಯವುಂಟು. ಭಾರತ ಸರಕಾರವು 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮಾರ್ಗದರ್ಶಕ ಕೇಂದ್ರ. 14416ಕ್ಕೆ ಕರೆ ಮಾಡಿ ಕನ್ನಡವನ್ನು ಆರಿಸಿಕೊಳ್ಳಬಹುದು. ಹಣ ತೆರಬೇಕಾದುದಿಲ್ಲ, ಹಗಲು ರಾತ್ರಿಯೆನ್ನದೆ ಅಲ್ಲಿ ಉತ್ತರ ಕೊಡುವವರಿರುತ್ತಾರೆ.