ಕೋಡ್‌ಗೂ ಮೊದಲು ಕೇಳಬೇಕಾದ ಪ್ರಶ್ನೆಗಳು

ಸಾಫ್ಟ್‌ವೇರ್‌ನ ಭದ್ರತಾ ದೋಷಗಳಲ್ಲಿ ಕೆಲವು ಕೋಡ್ ಬರೆಯುವಾಗ ನುಸುಳಿದರೆ, ಇನ್ನು ಕೆಲವು ವಿನ್ಯಾಸದಲ್ಲೇ ಉಳಿದುಕೊಂಡಿರುತ್ತವೆ. ಎರಡನೆಯ ಬಗೆಯವು ಪರೀಕ್ಷೆಯಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಏಕೆಂದರೆ ಅಲ್ಲಿ ಪ್ರೋಗ್ರಾಂ ತನಗೆ ವಿಧಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿರುತ್ತದೆ. 1982ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ, ಇ-ಮೇಲ್ ರವಾನೆಯ ನಿಯಮಾವಳಿಯಾದ ಎಸ್‌ಎಂಟಿಪಿಯಲ್ಲಿ, ಕಳುಹಿಸುವವರು ಕೊಟ್ಟ ವಿಳಾಸ ನಿಜವಾಗಿಯೂ ಅವರದೇ ಎಂದು ಖಚಿತಪಡಿಸಿಕೊಳ್ಳುವ ಏರ್ಪಾಡು ಇರಲಿಲ್ಲ. ಆ ಕೊರತೆಯನ್ನು ತುಂಬಲು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ತೇಪೆಗಳನ್ನು ಎರಡು ದಶಕ ಕಳೆದ ಮೇಲೆ ಒಂದೊಂದಾಗಿ ಹಾಕಬೇಕಾಯಿತು.

ಇಂಥ ಕೊರತೆಗಳನ್ನು ವಿನ್ಯಾಸದ ಹಂತದಲ್ಲೇ ಹುಡುಕುವ ಕ್ರಮಬದ್ಧ ವಿಧಾನಕ್ಕೆ ಥ್ರೆಟ್ ಮಾಡೆಲಿಂಗ್ ಎಂದು ಹೆಸರು. ಮಾಹಿತಿ ಎಲ್ಲಿಂದ ಹೊರಟು, ಯಾವ ಭಾಗಗಳನ್ನು ಹಾದು, ಎಲ್ಲಿ ಸಂಗ್ರಹವಾಗುತ್ತದೆ ಎಂಬುದನ್ನು ತೋರಿಸುವ ನಕ್ಷೆಯನ್ನು ಮೊದಲು ಬರೆದು, ಒಂದು ಭಾಗವು ಇನ್ನೊಂದನ್ನು ಕಣ್ಣುಮುಚ್ಚಿ ನಂಬಬಾರದ ಜಾಗಗಳಲ್ಲಿ ಗೆರೆ ಎಳೆಯಲಾಗುತ್ತದೆ. ಈ ಗೆರೆಯೇ ನಂಬಿಕೆಯ ಗಡಿ.

ಗಡಿ ದಾಟುವ ಪ್ರತಿಯೊಂದು ಹರಿವಿನಲ್ಲೂ ಏನು ಕೆಡಬಹುದು ಎಂದು ಪರಿಶೀಲಿಸಲು, ಮೈಕ್ರೋಸಾಫ್ಟ್‌ನ ಲೋರೆನ್ ಕೋನ್‌ಫೆಲ್ಡರ್ ಮತ್ತು ಪ್ರೇರಿತ್ ಗರ್ಗ್ 1999ರಲ್ಲಿ ರೂಪಿಸಿದ ಸ್ಟ್ರೈಡ್ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಬೇರೆಯವರ ಸೋಗು ಹಾಕುವುದು, ಮಾಹಿತಿಯನ್ನು ತಿದ್ದುವುದು, ಮಾಡಿದ್ದನ್ನು ಮಾಡಿಲ್ಲವೆನ್ನುವುದು, ಗುಟ್ಟು ಬಯಲಾಗುವುದು, ಸೇವೆ ಸ್ಥಗಿತಗೊಳ್ಳುವುದು, ತನಗಿಲ್ಲದ ಅಧಿಕಾರವನ್ನು ದಕ್ಕಿಸಿಕೊಳ್ಳುವುದು ಎಂಬ 6 ಬಗೆಯ ಬೆದರಿಕೆಗಳನ್ನು ಅದು ಹೆಸರಿಸುತ್ತದೆ.

ಪಾಸ್‌ವರ್ಡ್ ಮರೆತವರ ಮೊಬೈಲ್‌ಗೆ 4 ಅಂಕಿಗಳ ಒಟಿಪಿ ಕಳುಹಿಸುವ ಆ್ಯಪ್ ಒಂದರ ವಿನ್ಯಾಸವನ್ನು ಈ ಪಟ್ಟಿಯೊಡನೆ ನೋಡಬಹುದು. 4 ಅಂಕಿಗಳಿಂದ ಆಗುವ ಸಂಖ್ಯೆಗಳು 10,000 ಮಾತ್ರವಾದ್ದರಿಂದ, ಎಷ್ಟು ಬಾರಿ ಪ್ರಯತ್ನಿಸಬಹುದೆಂಬ ಮಿತಿ ಇಲ್ಲದಿದ್ದರೆ, ಒಂದು ಚಿಕ್ಕ ಪ್ರೋಗ್ರಾಂ ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ ಖಾತೆಯೊಳಗೆ ನುಗ್ಗಬಲ್ಲದು. ಮಿತಿ ಹಾಕಿದರೂ ಅದರ ಎಣಿಕೆಯನ್ನು ಮೊಬೈಲ್‌ನಲ್ಲಿ ಇಡುವಂತಿಲ್ಲ. ಮೊಬೈಲ್ ನಂಬಿಕೆಯ ಗಡಿಯ ಆಚೆಗಿರುವುದರಿಂದ ಆ ಎಣಿಕೆ ಸರ್ವರ್‌ನಲ್ಲೇ ಇರಬೇಕು. ಮಿತಿ ಮೀರಿದ ಕೂಡಲೇ ಖಾತೆಗೆ ಬೀಗ ಹಾಕಿದರೆ, ಬೇಕೆಂದೇ ತಪ್ಪು ಒಟಿಪಿ ಹಾಕಿ ಖಾತೆದಾರರನ್ನೇ ಹೊರಗಿಡುವ ದಾರಿ ತೆರೆದುಕೊಳ್ಳುತ್ತದೆ. ಆದ್ದರಿಂದ ಆ ಒಟಿಪಿಯನ್ನು ಮಾತ್ರ ರದ್ದುಪಡಿಸಿ, ಹೊಸದನ್ನು ಕೇಳುವುದಕ್ಕೂ ಅಂತರ ವಿಧಿಸುವುದು ಮೇಲು.

ಒಂದು ಬೆದರಿಕೆಗೆ ಕಂಡುಕೊಂಡ ಪರಿಹಾರವೇ ಇನ್ನೊಂದನ್ನು ಹುಟ್ಟಿಸುತ್ತದೆಯೇ ಎಂದು ನಕ್ಷೆಯ ಮೇಲೆ ನೋಡಿಕೊಳ್ಳಲು ಕೆಲವು ಗಂಟೆಗಳ ಚರ್ಚೆ ಸಾಕಾಗಬಹುದು. ಸಾಫ್ಟ್‌ವೇರ್ ಬಳಕೆದಾರರ ಕೈಸೇರಿದ ಮೇಲೆ ವಿನ್ಯಾಸವನ್ನೇ ಬದಲಿಸಹೊರಟರೆ, ಹಳೆಯ ವಿನ್ಯಾಸವನ್ನು ನಂಬಿ ಕಟ್ಟಿದ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಎಲ್ಲ ಬೆದರಿಕೆಗಳನ್ನೂ ಇಲ್ಲವಾಗಿಸಲು ಸಾಧ್ಯವಿಲ್ಲದಿರುವುದರಿಂದ, ಯಾವುದನ್ನು ತಡೆಯಲಾಯಿತು, ಯಾವುದನ್ನು ಯಾವ ಕಾರಣಕ್ಕೆ ಒಪ್ಪಿಕೊಳ್ಳಲಾಯಿತು ಎಂಬುದನ್ನು ಬರೆದಿಟ್ಟು, ವಿನ್ಯಾಸ ಬದಲಾದಾಗಲೆಲ್ಲ ಮರುಪರಿಶೀಲಿಸುವುದೂ ಈ ವಿಧಾನದ ಭಾಗವೇ ಆಗಿದೆ.